ಮಗುವಿಗೆ ಕೋವಿ ಯಾವ ವಯಸ್ಸಿಗೆ ಹೇಳಿಕೊಡಬೇಕು?

ಕೊಡಗಿನಲ್ಲಾಗಲಿ, ಚಿಕ್ಕಮಗಳೂರು-ಶಿವಮೊಗ್ಗದ ಕಡೆಯ ತೋಟದ ಮನೆಗಳಲ್ಲಾಗಲಿ, ಮಕ್ಕಳಿರುವವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಮನೆಯಲ್ಲಿ ಕೋವಿ ಇದೆ, ಹುಡುಗನಿಗೆ ಈಗ ಏಳು ವರ್ಷ. ಮುಚ್ಚಿಟ್ಟಷ್ಟೂ ಕುತೂಹಲ ಜಾಸ್ತಿ ಅಂತಾರೆ. ಈಗಲೇ ಕೈಗೆ ಕೊಟ್ಟು ಹೇಳಿಕೊಟ್ಟುಬಿಟ್ಟರೆ ಆಗಲ್ವಾ?"

ಹೇಳಿಕೊಡಿ, ಆದರೆ ಮೊದಲು ಬೀಗ ಹಾಕಿ. ಹೇಳಿಕೊಟ್ಟಾಯಿತಲ್ಲ ಎಂದು ಕೋವಿಯನ್ನು ಗೋಡೆಯ ಮೊಳೆಗೆ ನೇತುಹಾಕುವ ಮನೆಗಿಂತ, ಏನೂ ಹೇಳಿಕೊಡದೆ ಬೀಗ ಹಾಕಿದ ಮನೆಯಲ್ಲಿ ಮಗು ಕ್ಷೇಮವಾಗಿರುತ್ತದೆ.

ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರ್‌ನಲ್ಲಿ ನಿಜವಾದ, ಗುಂಡು ಹಾರದ ಪಿಸ್ತೂಲಿತ್ತು. ಒಟ್ಟು 29 ಗುಂಪುಗಳಲ್ಲಿ 21 ಅದನ್ನು ಪತ್ತೆ ಹಚ್ಚಿದವು, 16 ಗುಂಪುಗಳು ಕೈಗೆತ್ತಿಕೊಂಡವು, 10 ಗುಂಪುಗಳಲ್ಲಿ ಒಬ್ಬನಾದರೂ ಟ್ರಿಗರ್ ಎಳೆದ. ಪಿಸ್ತೂಲು ಮುಟ್ಟಿದ ಅಥವಾ ಟ್ರಿಗರ್ ಎಳೆದ ಹುಡುಗರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಬಂದೂಕಿನ ಬಗ್ಗೆ ಮೊದಲೇ ಬುದ್ಧಿಮಾತು ಹೇಳಲಾಗಿತ್ತು. ಅಲಬಾಮದ ಹಳ್ಳಿಗಾಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ ಅಪ್ಪ ಅಮ್ಮಂದಿರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ವಿಚಾರಿಸಿತು. "ಕೋವಿ ಎಲ್ಲಿದೆ ಅಂತ ನಮ್ಮ ಮಗುವಿಗೆ ಗೊತ್ತಿಲ್ಲ" ಎಂದವರಲ್ಲಿ ಶೇ 39 ಮಂದಿಯ ಮಕ್ಕಳು "ಗೊತ್ತು" ಎಂದರು. ನಮ್ಮ ಕಡೆ ಕೇಳಿದ್ದರೂ ಉತ್ತರ ಹೀಗೆಯೇ ಬರುತ್ತಿತ್ತೇನೋ. ಅಟ್ಟದ ಮೇಲೆ, ಅಕ್ಕಿ ಕಣಜದ ಹಿಂದೆ, ಬೀರುವಿನ ನೆತ್ತಿಯ ಮೇಲೆ ಇಟ್ಟದ್ದನ್ನು ಮಕ್ಕಳು ಕಂಡುಹಿಡಿಯದ ಮನೆ ಯಾವುದಿದೆ?

ಪುಟ್ಟ ಮಕ್ಕಳಿಗೆ ಟ್ರಿಗರ್ ಎಳೆಯುವ ಶಕ್ತಿ ಇರುವುದಿಲ್ಲ ಎಂಬ ನಂಬಿಕೆಯೂ ಸುಳ್ಳು. ಬೆರಳಿನ ಬಲ ಸಾಲದಿದ್ದರೆ ಮಗು ಎರಡೂ ಕೈ ಹಾಕುತ್ತದೆ, ಹಿಡಿಯನ್ನು ನೆಲಕ್ಕೆ ಊರಿ ಹೆಬ್ಬೆರಳಿನಿಂದ ಒತ್ತುತ್ತದೆ. ಆಗ ನಳಿಗೆಯ ಬಾಯಿ ಅದರ ಮುಖದ ಕಡೆಗೇ ಇರುತ್ತದೆ.

ಇನ್ನು ಕೆಲಸದ ವಿಷಯಕ್ಕೆ ಬರೋಣ. ಮೊದಲು ಕೋವಿ ಖಾಲಿಯಾಗಿರಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ, ಅದರಲ್ಲೂ ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಟೊಪ್ಪಿ) ಇಟ್ಟು ಹಾರಿಸುವ ಕೇಪಿನ ಕೋವಿಯಲ್ಲಿ. ತುಂಬಿದ ಈಡನ್ನು, ಅಂದರೆ ಮದ್ದು-ಚರೆಯನ್ನು, ತೆಗೆಯುವುದು ಕಷ್ಟ, ಹಾಗಾಗಿ ಕೇಪು ಮಾತ್ರ ಕಿತ್ತು "ಖಾಲಿ ಮಾಡಿದ್ದೇನೆ" ಎಂದು ಮೂಲೆಗೆ ಒರಗಿಸುತ್ತಾರೆ. ಅದು ಖಾಲಿಯಲ್ಲ. ಕಪ್ಪು ಮದ್ದು ಒಣಗಿದ್ದರೆ ಎಷ್ಟೋ ವರ್ಷದ ಈಡೂ ಹಾರುತ್ತದೆ, ಕೇಪಿನ ಡಬ್ಬಿ ಅದೇ ಕಪಾಟಿನಲ್ಲಿದ್ದರೆ ಮಗುವಿಗೆ ಬೇಕಾದ್ದೆಲ್ಲ ಕೈಯಳತೆಯಲ್ಲೇ ಸಿಕ್ಕಂತೆ. ಒಳಗೆ ಈಡು ಇದೆಯೋ ಇಲ್ಲವೋ ನೋಡುವ ಕ್ರಮ ಹೀಗೆ: ಕೇಪು ತೆಗೆಯಿರಿ, ನಳಿಗೆಯ ಬಾಯಿಗೆ ಮುಖ ಕೊಡದೆ ಪಕ್ಕಕ್ಕೆ ನಿಂತು ಗಜವನ್ನು (ಮದ್ದು ಒತ್ತುವ ಉದ್ದನೆಯ ಕೋಲು) ತಳ ಮುಟ್ಟುವವರೆಗೆ ಇಳಿಬಿಡಿ. ಬಾಯಿಯ ಮಟ್ಟದಲ್ಲಿ ಗಜದ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಹೊರಗೆ ತೆಗೆಯಿರಿ. ಗುರುತು ಬಾಯಿಗೆ ಸರಿಹೊಂದುವಂತೆ ಗಜವನ್ನು ನಳಿಗೆಯ ಹೊರಮೈಗೆ ಹಿಡಿದರೆ ಅದರ ತುದಿ ಕೇಪು ಕೂರುವ ಜಾಗದ ಹತ್ತಿರ ಬರಬೇಕು. ಎರಡು ಮೂರು ಬೆರಳು ಮುಂಚೆಯೇ ನಿಂತರೆ ಒಳಗೆ ಮದ್ದು, ಚರೆ ಕೂತಿದೆ ಎಂದರ್ಥ. ನೀವೇ ಮೊನ್ನೆ ತುಂಬಿದ್ದಾದರೆ ಜನ-ದನ ಇಲ್ಲದ ಕಡೆ ಮಣ್ಣಿನ ದರೆಗೆ ಹಾರಿಸಿ ಖಾಲಿ ಮಾಡಬಹುದು. ಅಜ್ಜನ ಕಾಲದ ಕೋವಿ, ಯಾರು ಯಾವಾಗ ಎಷ್ಟು ತುಂಬಿದರೋ ಗೊತ್ತಿಲ್ಲ ಎಂದಾದರೆ ಹಾರಿಸಲೇ ಬೇಡಿ, ನಳಿಗೆ ಸಿಡಿಯಬಹುದು. ಕೋವಿ ರಿಪೇರಿಯವರ ಹತ್ತಿರ ತೆಗೆಸಿ.

ತೋಟಾ (ಕಾರ್ಟ್ರಿಜ್) ಹಾಕುವ ಕೋವಿಯಲ್ಲಿ ಇದು ಸುಲಭ. ಬಾಯಿಯನ್ನು ನೆಲದತ್ತ ಮಾಡಿ, ಕೋವಿ ಮಡಚಿ, ತೋಟಾ ತೆಗೆದು, ಎರಡೂ ನಳಿಗೆಗೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕರೆಂಟು ಹೋದ ರಾತ್ರಿ ಕಣ್ಣನ್ನು ನಂಬಬೇಡಿ. ಪಿಸ್ತೂಲಾದರೆ ಮೊದಲು ಮ್ಯಾಗಜೀನ್ (ಗುಂಡು ತುಂಬಿದ ಗೂಡು) ತೆಗೆದು ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆಯಬೇಕು. ತಿರುವುಮುರುವು ಮಾಡಿದರೆ ಎಳೆದ ಸ್ಲೈಡು ಇನ್ನೊಂದು ಗುಂಡನ್ನು ಒಳಗೆ ತಳ್ಳಿರುತ್ತದೆ, ಮ್ಯಾಗಜೀನ್ ಕೈಯಲ್ಲಿದೆ ಎಂದು ನೀವು ನಿಶ್ಚಿಂತೆಯಿಂದ ಇರುತ್ತೀರಿ.

ಸೇಫ್ಟಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಹೆಚ್ಚಿನ ಜೋಡಿ ನಳಿಗೆ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಕುದುರೆ (ಗುಂಡು ಹಾರಿಸಲು ಹೊಡೆಯುವ ಸುತ್ತಿಗೆ) ಎದ್ದೇ ಇರುತ್ತದೆ, ಹಳೆಯ ಸವೆದ ಕೋವಿ ಜಗಲಿಯ ಮೇಲಿಂದ ಬಿದ್ದರೆ ಅದು ಜಾರಿ ಹೊಡೆಯಬಹುದು. ಹೊರಗೆ ಕುದುರೆ ಇರುವ ಹಳೇ ಕೋವಿಗಳಲ್ಲಂತೂ ಸಾಮಾನ್ಯವಾಗಿ ಸೇಫ್ಟಿಯೇ ಇರುವುದಿಲ್ಲ.

ಖಾಲಿ ಮಾಡಿದ ಮೇಲೆ ಬೀಗ. ದುಬಾರಿ ಗನ್ ಸೇಫ್ ಬೇಕೆಂದೇನಿಲ್ಲ. ಜೋಡಿ ನಳಿಗೆ ಕೋವಿ ಮೂರು ತುಂಡಾಗಿ ಬಿಚ್ಚುತ್ತದೆ: ಮುಂಗೈ ಹಿಡಿಯುವ ಮರದ ತುಂಡು, ನಳಿಗೆ, ಹಿಂದಿನ ಹಿಡಿ. ನಳಿಗೆ ಸುಮಾರು 30 ಅಂಗುಲ, ಮಾಮೂಲಿ ಕಬ್ಬಿಣದ ಬೀರುವಿನಲ್ಲಿ ಹಿಡಿಯುತ್ತದೆ. ನಳಿಗೆ ಒಂದು ಬೀರುವಿನಲ್ಲಿ, ಹಿಡಿ ಇನ್ನೊಂದು ಕೋಣೆಯ ಬೀಗದೊಳಗೆ, ತೋಟಾ ಮೂರನೆಯ ಕಡೆ. ಬಿಚ್ಚಲು ಬಾರದ ಉದ್ದನೆಯ ಕೇಪಿನ ಕೋವಿಗೆ ವೆಲ್ಡಿಂಗ್ ಅಂಗಡಿಯಲ್ಲಿ 2 ಮಿಲಿಮೀಟರ್ ತಗಡಿನ ಪೆಟ್ಟಿಗೆ ಮಾಡಿಸಿ, ಒಳಗಿನಿಂದ ಗೋಡೆಗೆ ಬೋಲ್ಟ್ ಹಾಕಿಸಿ. ಕೇಪು ಮತ್ತು ಮದ್ದು ಅದರೊಳಗೆ ಬೇಡ. ಟ್ರಿಗರ್ ಗಾರ್ಡಿನೊಳಗೆ (ಟ್ರಿಗರ್ ಸುತ್ತಲಿನ ಬಳೆ) ಸರಪಳಿ ತೂರಿಸಿ ಬೀಗ ಜಡಿಯುವ ಪದ್ಧತಿ ಕೆಲವು ಕಡೆ ಇದೆ. ಅದು ತಪ್ಪು, ಎಳೆದಾಡಿದರೆ ಸರಪಳಿಯೇ ಟ್ರಿಗರ್ ಒತ್ತುತ್ತದೆ.

ಅಮೆರಿಕದ 2005ರ ಒಂದು ಅಧ್ಯಯನದಲ್ಲಿ ಕೋವಿ ಖಾಲಿ ಇಡುವುದು, ಕೋವಿಗೆ ಬೀಗ, ತೋಟಾಕ್ಕೆ ಬೀಗ, ಎರಡನ್ನೂ ಬೇರೆಬೇರೆ ಇಡುವುದು, ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳಿಗೆ ಗುಂಡೇಟು ತಗುಲುವ ಅಪಾಯ ಕಡಿಮೆ ಇದ್ದ ಮನೆಗಳಲ್ಲಿ ಹೆಚ್ಚಾಗಿ ಕಂಡಿತು. ನಾಲ್ಕನ್ನೂ ಮಾಡಿ, ಒಂದು ತಪ್ಪಿದರೂ ಉಳಿದವು ಕಾಯುತ್ತವೆ.

ಕೀಲಿಕೈ ನಿಮ್ಮ ಮೈಮೇಲೆ ಇರಲಿ. ದೇವರ ಕೋಣೆಯ ಡಬ್ಬಿಯಲ್ಲಿ ಇಟ್ಟ ಕೀಲಿಕೈ ಮಕ್ಕಳಿಗೆ ಕೊಟ್ಟ ಕೀಲಿಕೈಗೆ ಸಮ. ನಂಬರ್ ಬೀಗವಾದರೆ ಮಗುವಿನ ಜನ್ಮದಿನ, ಸ್ಕೂಟರಿನ ನಂಬರ್ ಬೇಡ. ತೋಟಾಗಳ ಲೆಕ್ಕ ಒಂದು ಪುಸ್ತಕದಲ್ಲಿ ಇರಲಿ, ಮತ್ತು ತೋಟದಿಂದ ಬಂದ ತಕ್ಷಣ ಜಾಕೆಟಿನ ಜೇಬು ತಡಕಿ. ಹಿತ್ತಾಳೆ ತಳದ ಕೆಂಪು ತೋಟಾ ಮಕ್ಕಳ ಕಣ್ಣಿಗೆ ಆಟದ ಸಾಮಾನು.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ. ಒಂದು, ಮಳೆಗಾಲದಲ್ಲಿ ಮುಚ್ಚಿಟ್ಟರೆ ತುಕ್ಕು. ನಿಜ, ಆದರೆ ತುಕ್ಕಿಗೆ ಕಾರಣ ಬೀಗವಲ್ಲ, ತೇವ ಹಿಡಿದಿಡುವ ಚರ್ಮದ ಅಥವಾ ಸ್ಪಂಜಿನ ಚೀಲ. ಚೀಲ ತೆಗೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡಿದರೆ ಸಾಕು. ಎರಡನೆಯದು, ರಾತ್ರಿ ಹಂದಿ ಗದ್ದೆಗೆ ನುಗ್ಗಿದರೆ ಬೀಗ ತೆಗೆಯುತ್ತಾ ಕೂರಬೇಕೇ ಎಂಬುದು. ಅಭ್ಯಾಸವಿದ್ದರೆ ಮೂರು ತುಂಡು ಜೋಡಿಸಲು ಅರ್ಧ ನಿಮಿಷ ಬೇಡ, ಟಾರ್ಚು, ಬೂಟು ಹುಡುಕಲು ಅದಕ್ಕಿಂತ ಹೊತ್ತಾಗುತ್ತದೆ. ನಿದ್ದೆಗಣ್ಣಲ್ಲಿ ಕತ್ತಲೆಗೆ ಗುಂಡು ಹಾರಿಸಿ ಹಂದಿಯ ಬದಲು ಮನುಷ್ಯರಿಗೆ ತಗುಲಿದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಆ ಅರ್ಧ ನಿಮಿಷ ತಡವಾದರೆ ಒಳ್ಳೆಯದೇ.

ಈಗ ಹೇಳಿಕೊಡುವ ಮಾತು. ಐದು ವರ್ಷದೊಳಗಿನವರಿಗೆ ಏನೂ ಬೇಡ, ಬೀಗ ಸಾಕು. ಐದಾರರಿಂದ ನಾಲ್ಕು ಮಾತು: ನಿಲ್ಲು, ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1988ರಿಂದ ಮಕ್ಕಳಿಗೆ ಹೇಳಿಕೊಡುತ್ತಿರುವುದೂ ಇದನ್ನೇ. ಆದರೆ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರೆ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ನಾಲ್ಕೈದು ವರ್ಷದ ಮಕ್ಕಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಸೂತ್ರ ಒಪ್ಪಿಸಿದ ಮಕ್ಕಳೂ ಬಂದೂಕು ಕಂಡಾಗ ಅದರಂತೆ ನಡೆಯಲಿಲ್ಲ. ಆಡಿಸಿ ಅಭ್ಯಾಸ ಮಾಡಿಸಬೇಕು. ಆಟಿಕೆ ಕೋವಿಯನ್ನು ಕುರ್ಚಿಯ ಮೇಲಿಡಿ. ಮಗು ಬಂದು, ನೋಡಿ, ಹಿಂದೆ ಸರಿದು, ನಿಮ್ಮ ಹತ್ತಿರ ಓಡಿಬಂದು "ಅಪ್ಪಾ, ಅಲ್ಲಿ ಕೋವಿ ಇದೆ" ಎನ್ನಬೇಕು. ಹೇಳಿದ್ದಕ್ಕೆ ಮೆಚ್ಚುಗೆ ಸಿಗಬೇಕು. "ಅಲ್ಲಿಗೆ ಯಾಕೆ ಹೋದೆ" ಎಂದು ಗದರಿದರೆ ಮುಂದಿನ ಸಲ ಹೇಳುವುದಿಲ್ಲ. ಕೋಣೆ ಬದಲಿಸಿ, ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಿಸಿ.

ಹತ್ತರ ನಂತರ ಕುತೂಹಲ ಇರುವ ಮಗುವಿಗೆ, ಕೇಳಿದಾಗ, ನೀವೇ ಬೀಗ ತೆಗೆದು ಮಡಚಿದ ಖಾಲಿ ಕೋವಿಯ ಭಾಗಗಳನ್ನು ತೋರಿಸಬಹುದು. ಬಾಯಿ ಯಾರತ್ತಲೂ ಇರಬಾರದು, ಬೆರಳು ಗಾರ್ಡಿನ ಹೊರಗೆ, ಖಾಲಿ ಎಂದು ಯಾರೇ ಹೇಳಿದರೂ ತಾನೇ ತೆರೆದು ನೋಡುವುದು: ಇಷ್ಟೇ ಪಾಠ. ಗುರಿ ಹೊಡೆಯುವ ಆಸೆಯಿದ್ದರೆ ರೈಫಲ್ ಕ್ಲಬ್ಬಿನಲ್ಲಿ, ಕೋಚ್ ಕಣ್ಣೆದುರು, 10 ಮೀಟರ್ ಏರ್ ರೈಫಲ್‌ನಿಂದ ಶುರುವಾಗಲಿ. ಮನೆಯಲ್ಲಿ ಹಕ್ಕಿ ಹೊಡೆಯಲೆಂದು ಕೊಡಿಸುವ ಏರ್‌ಗನ್ ಬೇಡ. ಅದರ 4.5 ಮಿಲಿಮೀಟರ್ ಚರೆಗೆ ಕಣ್ಣುಗುಡ್ಡೆ ಒಡೆಯುವ ಶಕ್ತಿ ಇದೆ. ಕಾನೂನಿನ ಪ್ರಕಾರ 21 ತುಂಬದವರು ಕೋವಿ ಇಟ್ಟುಕೊಳ್ಳುವಂತಿಲ್ಲ, ನಿಯಮದ ಷರತ್ತಿನೊಳಗೆ ತರಬೇತಿಗೆ ಮಾತ್ರ ಅವಕಾಶ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು, ಮಕ್ಕಳ ಕೈಗೆ ಕೋವಿ ಕೊಡಲು ಅದು ಅನುಮತಿಯಲ್ಲ.

ಕೈಲ್‌ಪೊಳ್ದ್ ಎಂಬ ಕೊಡಗಿನ ಆಯುಧಪೂಜೆ ಹಬ್ಬದ ದಿನ ಇದೆಲ್ಲ ಸಡಿಲವಾಗುತ್ತದೆ. ಕೋವಿಗಳು ಹೊರಬಂದು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿಕೊಂಡು ಪೂಜೆಗೆ ಕೂರುತ್ತವೆ, ಸುತ್ತ ನೆಂಟರ ಮಕ್ಕಳು. ಒಬ್ಬ ಹಿರಿಯರೇ ಪ್ರತಿಯೊಂದನ್ನೂ ತೆರೆದು ನೋಡಿದ ಮೇಲೆಯೇ ಸಾಲಿಗೆ ಇಡಬೇಕು, ತೋಟಾಗಳು ಆ ಕೋಣೆಗೇ ಬರಬಾರದು. ತೆಂಗಿನಕಾಯಿಗೆ ಗುಂಡು ಹೊಡೆಯುವ ಜಾಗದಲ್ಲಿ ಹಗ್ಗ ಕಟ್ಟಿ, ಮಕ್ಕಳು ಹಗ್ಗದ ಹಿಂದೆ.

ಹದಿಹರೆಯದವರ ಮಾತು ಬೇರೆ. ಅವರಿಗೆ ಕೋವಿ ಬಳಸಲು ಗೊತ್ತು, ಕೀಲಿಕೈ ಎಲ್ಲಿದೆ ಎಂಬುದೂ ಗೊತ್ತು, ಅಪಾಯವಿರುವುದು ಕೈತಪ್ಪಿನಲ್ಲಿ ಮಾತ್ರವಲ್ಲ. ಪರೀಕ್ಷೆಯ ಫಲಿತಾಂಶದ ವಾರ, ಮನಸ್ಸು ಮುದುಡಿಕೊಂಡ ತಿಂಗಳುಗಳು, ಸಾಯುವ ಮಾತು ಒಮ್ಮೆ ಬಾಯಿಗೆ ಬಂದಿದ್ದರೂ, ಬೀಗ ಬದಲಿಸುವುದು ಸಾಲದು, ಕೋವಿ ಮನೆಯಿಂದಲೇ ಹೊರಗೆ ಹೋಗಬೇಕು. ಅಂಥ ಗಳಿಗೆ ಬಂದು ಹೋಗುತ್ತದೆ, ಕೈಗೆ ಕೋವಿ ಸಿಗದಿದ್ದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ನೆಂಟರ ಮನೆಗೆ ಸುಮ್ಮನೆ ಸಾಗಿಸಬೇಡಿ, ಅದು ಕಾನೂನಿನ ತೊಡಕು. ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡುವ ಬಗ್ಗೆ ವಿಚಾರಿಸಿ, ರಸೀದಿ ಪಡೆಯಿರಿ. ಮಗುವಿನ ಜೊತೆ ಮಾತಾಡಿ, "ಸಾಯಬೇಕು ಅನ್ನಿಸುತ್ತಾ" ಎಂದು ನೇರವಾಗಿ ಕೇಳಿದರೆ ತಪ್ಪಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಗೆ, ಬೇರೆಯವರ ಮನೆ. ರಜೆಗೆ ಮಗುವನ್ನು ಅತ್ತೆಯ ಮನೆಗೋ ಗೆಳೆಯನ ಎಸ್ಟೇಟಿಗೋ ಕಳಿಸುವ ಮುಂಚೆ ಫೋನಿನಲ್ಲೇ ಕೇಳಿಬಿಡಿ: "ಮಾವ, ಕೋವಿ ಬೀಗದಲ್ಲಿದೆ ತಾನೆ? ಇವನು ಎಲ್ಲಾ ಕಡೆ ಕೈ ಹಾಕ್ತಾನೆ." ತಪ್ಪನ್ನು ಮಗನ ತಲೆಗೆ ಕಟ್ಟಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಂದಿಗೆಂದು ಬೇಲಿಯಂಚಿನಲ್ಲಿ ಸಿಡಿಮದ್ದಿನ ಉಂಡೆ ಇಡುವವರು ಆ ಕಡೆ ಇದ್ದಾರೆಯೇ ಎಂದೂ ಅದೇ ಉಸಿರಿನಲ್ಲಿ ಕೇಳಿ. ಅದನ್ನು ಇಡುವುದು ಅಪರಾಧ, ಆದರೂ ಇಡುವವರಿದ್ದಾರೆ, ಮಕ್ಕಳ ಕಣ್ಣಿಗೆ ಅದು ಬಟ್ಟೆ ಸುತ್ತಿದ ಚೆಂಡು.