ಕೋರ್ಟಿಗೆ ಹೋದವ ಇರುಳು ಬಕ ನೋಡಿ ಬಂದದ್ದು

ಮಾವನ ಜಾಗದ ಕೇಸೊಂದು ಎರ್ನಾಕುಳಂ ಹೈಕೋರ್ಟಲ್ಲಿ ಉಂಟು, ಅದರ ಕತೆ ಈಗ ಬೇಡ, ಶುರು ಮಾಡಿದ್ರೆ ಮುಗಿಯುವುದಿಲ್ಲ. ಮಾವನಿಗೆ ಮೊಣಕಾಲು ನೋವು, ಹಾಗೆ ಫೈಲ್ ಹಿಡ್ಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಿತ್ತು. ಆಗಸ್ಟ್ ತಿಂಗಳು, ಜೋರು ಮಳೆ, ಫೈಲಿಗೆ ಎರಡೆರಡು ಪ್ಲಾಸ್ಟಿಕ್ ಕವರ್. ಕುಂಬಳೆಯಿಂದ ಕಾಸರಗೋಡಿಗೆ ಬಂದು ರಾತ್ರಿ ಟ್ರೈನ್ ಹತ್ತಿ 350 ಕಿಲೋಮೀಟರ್‌ಗೂ ಮೇಲೆ ತೂಕಡಿಸಿಕೊಂಡು ಹೋಗಿ ಬೆಳಿಗ್ಗೆ ವಕೀಲರ ಆಫೀಸಿಗೆ ಮುಟ್ಟಿದ್ರೆ ಅವರು ಫಟಫಟ ಅಂತ ಎಂತದೋ ಹೇಳಿದ್ರು, ನಮ್ಮ ಕಡೆಯ ಮಲಯಾಳಕ್ಕೂ ಅಲ್ಲಿಯದ್ದಕ್ಕೂ ಸರಿಯಾಗಿ ತಾಳೆ ಆಗುವುದಿಲ್ಲ ಮಾರಾಯ್ರೆ, ಒಟ್ಟು ನನಗೆ ಅರ್ಥ ಆದದ್ದು ಫೈಲ್ ಇಟ್ಟು ಊಟ ಮಾಡಿ ಬಾ ಅಂತ. ಗಂಟೆ ಒಂಬತ್ತೂವರೆ. ಅಷ್ಟೊತ್ತಿಗೆ ಎಂತ ಊಟ?

ಚಾ ಕುಡಿಯುವಾಗ ಅಂಗಡಿಯವರು ಹೇಳಿದ್ರು, ಹೈಕೋರ್ಟಿನ ಹಿಂದೆಯೇ ಮಂಗಳವನ ಉಂಟು, ನೋಡಿ ಬನ್ನಿ ಅಂತ. ನಾನು ಪಾರ್ಕ್ ಇರಬೇಕು, ಬೆಂಚಲ್ಲಿ ಒಂದು ನಿದ್ದೆ ಹೊಡೆಯುವಾ ಅಂತ ಹೋದದ್ದು. ಹೋಗುವ ರಸ್ತೆಗೆ ಸಲೀಂ ಅಲಿಯವರ ಹೆಸರು, 1933ರಲ್ಲಿ ತಿರುವಾಂಕೂರು ಕೊಚ್ಚಿಯ ಹಕ್ಕಿಗಳನ್ನೆಲ್ಲ ಸರ್ವೇ ಮಾಡಿದವರು ಅವರೇ ಅಲ್ವಾ. ಪಕ್ಕದಲ್ಲಿ ಕೊಚ್ಚಿ ರಾಜರ ಕಾಲದ ಹಳೇ ರೈಲ್ವೇ ಸ್ಟೇಷನ್, 1902ರದ್ದು, ಈಗ ಕಾಡು ಹತ್ತಿ ಬಿದ್ದಿದೆ. ಈಚೆ ಕೋರ್ಟು, ಆಚೆ ಫ್ಲಾಟುಗಳು, ನಡುವಲ್ಲಿ ಈ ಮಂಗಳವನ. 2004ರಲ್ಲಿ ಪಕ್ಷಿಧಾಮ ಅಂತ ಘೋಷಿಸಿದ್ದಂತೆ, ಒಟ್ಟು 2.74 ಹೆಕ್ಟೇರ್. ಏಳು ಎಕ್ರೆಯೂ ಇಲ್ಲ! ನಮ್ಮ ಊರಲ್ಲಿ ಕೆಲವರ ಅಡಿಕೆ ತೋಟ ಅದಕ್ಕಿಂತ ದೊಡ್ಡದು.

ಒಳಗೆ ಹೋದ ಕೂಡ್ಲೇ ಮೊದಲು ಸಿಕ್ಕಿದ್ದು ವಾಸನೆ. ಮೀನು ಕೊಳೆತ, ಕೆಸರಿನ, ಹಕ್ಕಿ ಹಿಕ್ಕೆಯ ವಾಸನೆ, ಎಲೆಗಳ ಮೇಲೆಲ್ಲ ಸುಣ್ಣ ಚೆಲ್ಲಿದ ಹಾಗೆ ಬಿಳಿ. ನಡುವಲ್ಲಿ ಆಳ ಇಲ್ಲದ ಕೆರೆ, ಅದಕ್ಕೊಂದು ತೋಡು, ತೋಡು ಹಿನ್ನೀರಿಗೆ ಸೇರ್ತದೆ, ಹಾಗಾಗಿ ಕಡಲಿನ ಭರತ ಇಳಿತ ಎಲ್ಲ ಇದಕ್ಕೂ ಬರ್ತದೆ. ಭರತದ ಒಟ್ಟಿಗೆ ಊರಿನ ಪ್ಲಾಸ್ಟಿಕ್ ಬಾಟ್ಲಿಯೂ ಬರ್ತದೆ, ಅದೂ ಹೇಳ್ಬೇಕಲ್ಲ. ನಾನು ಹೋದಾಗ ಇಳಿತ. ಕೆಸರಲ್ಲಿ ಪೆನ್ಸಿಲ್ ನೆಟ್ಟ ಹಾಗೆ ಬೇರುಗಳು ಮೇಲಕ್ಕೆ ನಿಂತಿದ್ವು, ಕಾಂಡ್ಲಾ ಮರ ಉಸಿರಾಡುವುದು ಅದರಲ್ಲೇ. ಜಾಸ್ತಿ ಇರುವುದು ಉಪ್ಪಟ್ಟಿ ಅನ್ನುವ ಜಾತಿ, ಎಲೆಯಿಂದಲೇ ಉಪ್ಪನ್ನು ಹೊರಗೆ ಹಾಕ್ತದೆ. ಒಂದೆಲೆ ನೆಕ್ಕಿ ನೋಡಿದೆ. ಹೌದು, ಉಪ್ಪು. (ಹಿಕ್ಕೆ ಇಲ್ಲದ ಎಲೆ ಹುಡುಕಿಯೇ ನೆಕ್ಕಿದ್ದು.)

ಮರದ ತುಂಬಾ ನೀರುಕಾಗೆ, ಒಂದೊಂದೂ ಬಟ್ಟೆ ಒಣಗಿಸಲಿಕ್ಕೆ ಹಾಕಿದ ಹಾಗೆ ರೆಕ್ಕೆ ಬಿಡಿಸಿಕೊಂಡು. ಅದರ ಗರಿಗೆ ನೀರು ಹಿಡೀತದೆ, ಬಾತುಕೋಳಿ ಹಾಗೆ ಜಾರಿ ಹೋಗುವುದಿಲ್ಲ, ಮುಳುಗಲಿಕ್ಕೆ ಅದೇ ಸುಲಭ, ಆದ್ರೆ ಮೇಲೆ ಬಂದ ಮೇಲೆ ಒಣಗಿಸಬೇಕು, ಮಳೆಗಾಲದಲ್ಲಿ ಪಾಪ ಅದಕ್ಕೂ ನಮ್ಮದೇ ಅವಸ್ಥೆ. ಅದರ ಕೆಳಗಿನ ಕೊಂಬೆಯಲ್ಲಿ ಕುತ್ತಿಗೆಯೇ ಇಲ್ಲದ ಹಾಗೆ ಮುದುಡಿ ಕೂತ ಬೂದು ಹಕ್ಕಿ, ನೆತ್ತಿ ಬೆನ್ನು ಕಪ್ಪು, ತಲೆಯ ಹಿಂದಿನಿಂದ ಎರಡು ಬಿಳಿ ಗರಿ ದಾರದ ಹಾಗೆ ಇಳಿಬಿದ್ದಿತ್ತು. ಕಣ್ಣು ಬಿಟ್ಟಾಗ ನೋಡ್ಬೇಕು, ಗುಲಗಂಜಿ ಕೆಂಪು. ಅದರ ಪಕ್ಕ ಕಂದು ಮೈಗೆ ಬಿಳಿ ಚುಕ್ಕೆಯ ಇನ್ನೊಂದು, ನಾನು ಬೇರೆ ಜಾತಿ ಅಂದ್ಕೊಂಡೆ. ಅಲ್ಲಿದ್ದ ವಾಚರ್ ನಕ್ಕು, ಅದು ಇದರ ಮರಿ, ಪಾತಿರಾಕೊಕ್ಕ್ ಅಂದ್ರು. ಪಾತಿರಾ ಅಂದ್ರೆ ನಡುರಾತ್ರಿ. ಕನ್ನಡದಲ್ಲಿ ಇರುಳು ಬಕ. ಹಗಲೆಲ್ಲ ಹೀಗೆ ನಿದ್ದೆ, ಕತ್ತಲಾದ ಮೇಲೆ ಕ್ವಾಕ್ ಅಂತ ಕೂಗಿಕೊಂಡು ಬೇಟೆಗೆ ಹೊರಡ್ತದೆ ಅಂತ ಅವರು ಕೂಗಿಯೂ ತೋರಿಸಿದ್ರು.

ಆ ಕೂಗು ಕೇಳಿ ನಾನು ಕೊಡೆ ಮಡಚಿ ನಿಂತೇ ಬಿಟ್ಟೆ. ಯಾಕಂದ್ರೆ ನಮ್ಮ ಮನೆ ಶಿರಿಯಾ ಹೊಳೆ ಬದಿ, ಸಣ್ಣದಿರುವಾಗ ರಾತ್ರಿ ತೋಟದ ಮೇಲಿಂದ ಇದೇ ಸ್ವರ ಹೋಗುವುದು, ಒಂದೇ ಸಲ, ಕ್ವಾಕ್, ಮತ್ತೆ ಸುದ್ದಿ ಇಲ್ಲ. ರಾತ್ರಿ ಒಂದೇ ಸಲ ಕರೆದದ್ದಕ್ಕೆ ಓ ಅನ್ನಬಾರದು ಅಂತ ಅಜ್ಜಿ ನಮ್ಮ ಬಾಯಿಗೆ ಕೈ ಅಡ್ಡ ಹಿಡಿಯುವುದು. ನಾವು ಕಂಬಳಿ ಒಳಗೆ. ಎಷ್ಟು ವರ್ಷ ಹೆದರಿದ್ದೇನೆ ಈ ಮುದುಡಿಕೊಂಡ ಹಕ್ಕಿಗೆ! ಅದರ ಮುಖ ನೋಡ್ಲಿಕ್ಕೆ ಕೋರ್ಟು ಕೇಸು ಹಿಡ್ಕೊಂಡು ಇಲ್ಲಿವರೆಗೆ ಬರಬೇಕಾಯ್ತು.

ಸೊಳ್ಳೆ ಕಚ್ಚಿ ಕಚ್ಚಿ ಕಾಲು ದೊರಗು ಆಯ್ತು, ಆದ್ರೂ ಒಂದು ಗಂಟೆವರೆಗೆ ಅಲ್ಲೇ ಇದ್ದೆ, ಊಟ ತಪ್ಪಿತು. ಕೇಸಿಗೆ ಮುಂದಿನ ತಾರೀಕು ಸಿಕ್ಕಿತು.

ಮನೆಗೆ ಬಂದು ಮಾವನಿಗೆ ತಾರೀಕು ಹೇಳಿ, ಅಜ್ಜಿಗೆ ಮೊಬೈಲಲ್ಲಿ ಫೋಟೋ ತೋರಿಸಿದೆ, ರಾತ್ರಿ ಕೂಗುವುದು ಇದೇ ಅಜ್ಜಿ, ಹಕ್ಕಿ, ಬೇರೆ ಎಂತದೂ ಅಲ್ಲ ಅಂತ. ಕನ್ನಡಕ ಹಾಕಿ, ಆ ಕೆಂಪು ಕಣ್ಣನ್ನು ಸುಮಾರು ಹೊತ್ತು ನೋಡಿದ್ರು.

"ಹಕ್ಕಿಯೇ ಇರಬಹುದು" ಅಂದ್ರು, "ಆದ್ರೂ ನೀನು ಓ ಅನ್ಬೇಡ."