ನೆರ್ಲ್ ದಡದ ಚರ್ಚ್: ಹೊರಡುವ ಮುಂಚೆ ನೀರು ಇಳಿದಿದೆಯಾ ಕೇಳಿ

ಏಪ್ರಿಲ್ ಮೂರನೇ ವಾರ. ರಷ್ಯಾದ ವ್ಲಾದಿಮಿರ್ ಊರಿನ ಹತ್ತಿರವಿರುವ ಬೊಗೊಲ್ಯುಬೊವೊ ರೈಲು ಸ್ಟೇಷನ್ ಪಕ್ಕದ ಮೇಲ್ಸೇತುವೆ ಹತ್ತಿ ನೋಡಿದರೆ ಹುಲ್ಲುಗಾವಲೇ ಇಲ್ಲ! ಎಲ್ಲಾ ಕಡೆ ನೀರು, ನಡುವೆ ಒಂದೇ ಗುಮ್ಮಟದ ಬಿಳಿ ಚರ್ಚ್. ಹಿಮ ಕರಗಿ ನೆರ್ಲ್, ಕ್ಲ್ಯಾಜ್ಮಾ ಎರಡೂ ನದಿ ಉಕ್ಕುವ ಕಾಲವಂತೆ. ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ದೂರದಿಂದಲೇ ಫೋಟೊ ತೆಗೆದು ವಾಪಸ್ ಬಂದೆ.

ಆದರೆ ಆ ನೀರು ನೋಡಿದ್ದಕ್ಕೇ ಕಟ್ಟಡ ಅರ್ಥವಾಯಿತು. ಆಂದ್ರೇಯ್ ಬೊಗೊಲ್ಯುಬ್‌ಸ್ಕಿ ಎಂಬ ದೊರೆ ಇದನ್ನು ಕಟ್ಟಿಸಿದ್ದು 1165ರ ಸುಮಾರಿಗೆ. ವರ್ಷವರ್ಷವೂ ನೆರೆ ಬರುವ ಜಾಗದಲ್ಲಿ ಇಷ್ಟು ಕಾಲ ಹೇಗೆ ನಿಂತಿತು? 1950ರ ದಶಕದಲ್ಲಿ ನಿಕೊಲಾಯ್ ವೊರೊನಿನ್ ಎಂಬ ಪುರಾತತ್ವಜ್ಞ ಸುತ್ತ ಅಗೆದು ನೋಡಿದರು. ನೆಲದೊಳಗೆ ಸುಮಾರು ಒಂದೂವರೆ ಮೀಟರ್ ತಳಪಾಯ. ಅದರ ಮೇಲೆ ಮೂರೂವರೆ ಮೀಟರಿಗೂ ಜಾಸ್ತಿ ಗೋಡೆ ಎಬ್ಬಿಸಿ, ಒಳಗೂ ಹೊರಗೂ ಮಣ್ಣು ತುಂಬಿದ್ದರು. ಅಂದರೆ ಚರ್ಚ್ ನಿಂತಿರುವ ದಿಬ್ಬವೇ ಮನುಷ್ಯರು ಮಾಡಿದ್ದು. ದಿಬ್ಬಕ್ಕೆ ಬಿಳಿ ಕಲ್ಲಿನ ಚಪ್ಪಡಿ ಹೊದಿಸಿದ್ದರು. ಚರ್ಚ್ ಸುತ್ತ ಮೊಗಸಾಲೆ ಇದ್ದ ಗುರುತೂ ಸಿಕ್ಕಿತು. ಅದು ಎಷ್ಟು ಎತ್ತರವಿತ್ತು, ಮೊದಲಿಂದಲೂ ಇತ್ತಾ ಅನ್ನುವುದಕ್ಕೆ ವಿದ್ವಾಂಸರು ಈಗಲೂ ಜಗಳವಾಡುತ್ತಾರೆ.

ಜೂನ್‌ನಲ್ಲಿ ಮತ್ತೆ ಹೋದೆ. ಸ್ಟೇಷನ್‌ನಿಂದ ಒಂದೂವರೆ ಕಿಲೋಮೀಟರ್ ನಡಿಗೆ, ದಾರಿಯಲ್ಲಿ ನೆರಳಿಲ್ಲ. ಟೋಪಿ, ನೀರು, ಸೊಳ್ಳೆಗೆ ಹಚ್ಚುವ ಕ್ರೀಮ್ ಮರೀಬೇಡಿ. ಹತ್ತಿರ ಹೋದ ಮೇಲೆ ಸುಮ್ನೆ ಒಂದು ಸುತ್ತು ಹಾಕಿ, ತಲೆ ಎತ್ತಿ ನೋಡಿ. ಮೂರು ಗೋಡೆಗಳ ಮೇಲ್ಭಾಗದಲ್ಲೂ ಬೈಬಲಿನ ದಾವೀದ ರಾಜ ವಾದ್ಯ ಹಿಡಿದು ಕೂತಿದ್ದಾನೆ, ಅಕ್ಕಪಕ್ಕ ಹಕ್ಕಿ, ಸಿಂಹ. ಕೆಳಗೆ ಸಾಲಾಗಿ ಹೆಣ್ಣುಮಕ್ಕಳ ಮುಖ. ಒಳಗೆ ಹಳೆಯ ಚಿತ್ರ ಉಳಿದಿಲ್ಲ, ಐದು ನಿಮಿಷ ಸಾಕು. 1784ರಲ್ಲಿ ಪಕ್ಕದ ಮಠದವರೇ ಕಲ್ಲಿಗಾಗಿ ಇದನ್ನು ಕೆಡವಲು ಹೊರಟಿದ್ದರಂತೆ. ಕೂಲಿ ಕುದುರದೆ ಉಳಿಯಿತು!

ಮಾಸ್ಕೋದಿಂದ ವ್ಲಾದಿಮಿರ್‌ಗೆ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಎಲ್ಲಾ ರೈಲೂ ಒಂದೇ ಸ್ಟೇಷನ್‌ನಿಂದ ಹೊರಡಲ್ಲ, ಟಿಕೆಟ್ ಸರಿಯಾಗಿ ಓದಿಕೊಳ್ಳಿ. ಅಲ್ಲಿಂದ ಬೊಗೊಲ್ಯುಬೊವೊ ಹತ್ತು ಕಿಲೋಮೀಟರ್, ಬಸ್ಸಿದೆ. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್ ಕಾರ್ಡ್‌ಗಳು ರಷ್ಯಾದಲ್ಲಿ ನಡೆಯಲ್ಲ. ಕೈಯಲ್ಲಿ ನಗದು ಇರಲೇಬೇಕು. ಹೆಂಗಸರು ತಲೆಗೆ ಹೊದೆಯಲು ಒಂದು ದುಪಟ್ಟಾ ಇಟ್ಟುಕೊಳ್ಳಿ.

ವಾಪಸ್ ಬರುವಾಗ ಬೊಗೊಲ್ಯುಬೊವೊ ಮಠಕ್ಕೂ ಹೋಗಿ. ಆಂದ್ರೇಯ್‌ನ ಅರಮನೆಯಲ್ಲಿ ಉಳಿದಿರುವುದು ಒಂದು ಮೆಟ್ಟಿಲಗೋಪುರ, ಅದಕ್ಕೆ ಅಂಟಿಕೊಂಡ ಚಾವಣಿಯಿರುವ ಹಾದಿ ಅಷ್ಟೇ. 1174ರಲ್ಲಿ ಅವನನ್ನು ಕೊಂದಿದ್ದು ಇದೇ ಅರಮನೆಯಲ್ಲಿ, ಅವನ ಜೊತೆಯವರೇ. ಪಕ್ಕದ ಚರ್ಚ್ ಹದಿನೆಂಟನೇ ಶತಮಾನದ್ದು. ಅದರ ಕೆಳಗೂ ವೊರೊನಿನ್ ಅಗೆದು ಆಂದ್ರೇಯ್ ಕಾಲದ ಕಂಬಗಳ ಬುಡ ಹುಡುಕಿ ತೆಗೆದರು.