ಪುರಾವೆ ಹುಡುಕಿ ಬಂದರುಗಳಲ್ಲಿ ಅಲೆದ ಕ್ಲಾರ್ಕ್‌ಸನ್

ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರ ರದ್ದಾದ ಕಥೆಯನ್ನು ಹೇಳುವಾಗ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಅವರ ಹೆಸರೇ ಮೊದಲು ಬರುತ್ತದೆ; ಆದರೆ ಅವರು ಸಂಸತ್ತಿನಲ್ಲಿ ಮಂಡಿಸಿದ ವಾದಕ್ಕೆ ಬೇಕಾದ ಪುರಾವೆಯನ್ನು ಊರೂರು ಅಲೆದು ಕಲೆಹಾಕಿದ ಥಾಮಸ್ ಕ್ಲಾರ್ಕ್‌ಸನ್ ಅವರೇ ನನ್ನ ಮಟ್ಟಿಗೆ ಈ ಹೋರಾಟದ ಬೆನ್ನೆಲುಬು. 1787ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಈ ವ್ಯಾಪಾರದ ರದ್ದತಿಗಾಗಿ ರಚನೆಯಾದ 12 ಜನರ ಸಮಿತಿಯಲ್ಲಿ 9 ಮಂದಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರಿದ್ದರು. ಆ ಸಮಿತಿಯ ಪರವಾಗಿ ಕ್ಲಾರ್ಕ್‌ಸನ್ ಬ್ರಿಸ್ಟಲ್ ಮತ್ತು ಲಿವರ್‌ಪೂಲ್‌ಗಳಿಗೆ ಹೋಗಿ, ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ದುಡಿದಿದ್ದ ನಾವಿಕರನ್ನೂ ವೈದ್ಯರನ್ನೂ ಮಾತನಾಡಿಸಿ ಹೇಳಿಕೆಗಳನ್ನು ಬರೆದುಕೊಂಡರು.

ಲಿವರ್‌ಪೂಲಿನ ಅಂಗಡಿಯೊಂದರಲ್ಲಿ ಕೈಕೋಳ, ಕಾಲುಬೇಡಿ, ಹೆಬ್ಬೆರಳನ್ನು ಹಿಂಡುವ ತಿರುಪು ಇವುಗಳ ಜೊತೆಗೆ, ಅನ್ನ ಬಿಟ್ಟು ಸಾಯಲು ನಿರ್ಧರಿಸಿದವರ ಬಾಯಿಯನ್ನು ಬಲವಂತವಾಗಿ ತೆರೆಸುವ ಉಪಕರಣವೂ ಮಾರಾಟಕ್ಕಿತ್ತು, ಅದೂ ಯಾವ ಮುಚ್ಚುಮರೆಯೂ ಇಲ್ಲದೆ. ಅವನ್ನೆಲ್ಲ ಕೊಂಡು ಜನರ ಕಣ್ಣೆದುರಿಗೆ ಇಟ್ಟ ಕ್ಲಾರ್ಕ್‌ಸನ್ ಅವರ ಜಾಣ್ಮೆ ದೊಡ್ಡದು, ಏಕೆಂದರೆ ಕಬ್ಬಿಣದ ಆ ತಿರುಪನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಹಡಗಿನ ಮಾಲೀಕರ ಸಮಜಾಯಿಷಿ ಒಪ್ಪಿಗೆಯಾಗುವುದು ಕಷ್ಟ.

ಸ್ವತಃ ಗುಲಾಮರಾಗಿದ್ದ ಒಲೌಡಾ ಇಕ್ವಿಯಾನೊ 1789ರಲ್ಲಿ ಆತ್ಮಕಥೆ ಪ್ರಕಟಿಸಿ, ಅದನ್ನು ಮಾರುತ್ತಲೇ ಪ್ರಚಾರ ನಡೆಸಿದರು. ಗುಲಾಮರು ಬೆಳೆದ ಸಕ್ಕರೆಯನ್ನು ಸಾವಿರಾರು ಮನೆಗಳು ತ್ಯಜಿಸಿದವು; 1792ರಲ್ಲಿ 519 ಮನವಿಗಳು ಸಂಸತ್ತಿಗೆ ಬಂದವು. ಆದರೂ ವ್ಯಾಪಾರವನ್ನು ನಿಷೇಧಿಸುವ ಕಾಯ್ದೆಗೆ 1807ರವರೆಗೆ ಕಾಯಬೇಕಾಯಿತು. ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ಕೊನೆಗೊಳಿಸುವ ಕಾಯ್ದೆ ಬಂದದ್ದು 1833ರಲ್ಲಿ, ಅದರಡಿ ಸರ್ಕಾರ ಕೊಟ್ಟ 2 ಕೋಟಿ ಪೌಂಡ್ ಪರಿಹಾರವಾದರೂ ಸೇರಿದ್ದು ಮಾಲೀಕರಿಗೆ.